ಕೇಳಿದ್ದನ್ನು ಕೇಳಿದ ಹಾಗೆ

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಮಾತುಕತೆ ಕೇಳುವುದು, ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡುವುದು. ಜನ ದಿನನಿತ್ಯ ಹೇಗೆ ಮಾತಾಡುತ್ತಾರೆಂದು ಅಧ್ಯಯನ ಮಾಡುವ ಯಾವುದೋ ಸಂಸ್ಥೆಗೆ ಅದು ಹೋಗುತ್ತದೆ. ತಡವರಿಕೆ, ನಗು, ಅರ್ಧಕ್ಕೇ ಬಿಟ್ಟ ಮಾತು ಒಂದೂ ತಪ್ಪಬಾರದು ಎಂದು ಗೋಡೆಗೆ ಅಂಟಿಸಿದ ಹಾಳೆಯಲ್ಲೇ ಇದೆ.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಟೈಪಿಂಗ್ ಕ್ಲಾಸಿನಲ್ಲಿ ಕಲಿತ ನನ್ನ ಇಂಗ್ಲಿಷ್ ಕಿವಿಗೆ ಬಿದ್ದದ್ದನ್ನು ಬರೆಯಲು ಸಾಕು, ತಿದ್ದಲು ಸಾಲದು. ಮೂರು ತಿಂಗಳು ನೋಡಿ ಖಾಯಂ ಮಾಡುತ್ತೇನೆ ಎಂದಿದ್ದರು ಯಜಮಾನರು. ಅದು ಮುಗಿಯಲು ನಾಲ್ಕು ದಿನ ಉಳಿದಿತ್ತು.

ಕಷ್ಟವೆಲ್ಲ ನಮ್ಮ ಬರಹ ತಿದ್ದುವ ಮೇಡಂ ಅವರಿಂದ. ಎಂ.ಎ. ಓದಿದವರು. ನನ್ನ ಫೈಲುಗಳು ಅವರ ಕೈ ದಾಟಿಯೇ ಹೋಗಬೇಕು. ಅಕ್ಕತಂಗಿಯರಿಬ್ಬರು ಫ್ರಿಜ್ಜನ್ನು ಮೆಟ್ಟಿಲು ಹತ್ತಿಸುವ ರೆಕಾರ್ಡಿಂಗ್ ಒಂದಿತ್ತು. 'ವೆಲ್, ಐ ಮೀನ್, ಇಫ್ ಯು ಜಸ್ಟ್...' ಎಂದು ಅಕ್ಕ ನಿಲ್ಲಿಸುತ್ತಾಳೆ. 'ನೋ ನೋ, ಯುವರ್ ಎಂಡ್, ಯುವರ್ ಎಂಡ್!' ಎಂದು ತಂಗಿ ಕಿರುಚುತ್ತಾಳೆ. ದಯವಿಟ್ಟು ನಿನ್ನ ಕಡೆಯ ತುದಿಯನ್ನು ಎತ್ತುವೆಯಾ ಎಂಬರ್ಥದ, ಇಸ್ತ್ರಿ ಮಾಡಿದಂಥ ವಾಕ್ಯವನ್ನು ಮೇಡಂ ಅಲ್ಲಿ ಕೂರಿಸಿದರು. ಕಾಲ ಮೇಲೆ ಫ್ರಿಜ್ಜು ಬೀಳುವಾಗ ಯಾರಾದರೂ ಹೀಗೆ ಮಾತಾಡುತ್ತಾರೆಯೇ?

"ಮೇಡಂ, ಅವರು ಹಂಗೆ ಅನ್ನಲಿಲ್ಲ."

"ಅನ್ನಲಿಲ್ಲ ಅಂತ ನಂಗೂ ಗೊತ್ತು ಕಣೇ. ಇಂಗ್ಲಿಷಿನವರೇ ತೊದಲ್ತಾರೆ ಅಂತ ಬರೆದ್ರೆ ಯಾರು ನಂಬ್ತಾರೆ? ನಿಂಗೇ ಬರೆಯೋಕೆ ಬರಲ್ಲ ಅಂತಾರೆ."

ಮೂರು ತಿಂಗಳು ಇದೇ ಹಾಡು. ಗೋಡೆಯ ಹಾಳೆ ತೋರಿಸಿದರೆ, "ಅದು ಹೇಳೋಕೆ ಹೇಳಿರ್ತಾರೆ" ಎನ್ನುತ್ತಿದ್ದರು.

ಆ ದಿನ ಯಜಮಾನರು ಬಾಗಿಲಲ್ಲೇ ಶುರು ಮಾಡಿದರು. "ಹನ್ನೊಂದು ಫೈಲೂ ವಾಪಸ್! ಒಂದು ತೊದಲಿಲ್ಲ, ಒಂದು ನಗು ಇಲ್ಲ, ಇದು ಭಾಷಣವಾ ಅಂತ ಸಂಸ್ಥೆಯವರು ಕೇಳಿದಾರೆ. ಎಲ್ಲದರ ಮೇಲೂ ನಿನ್ನ ಹೆಸರೇ ಇದೆಯಲ್ಲಮ್ಮ? ನಾಳೆಯಿಂದ ಬರೋದು ಬೇಡ."

ಮೇಡಂ ಕನ್ನಡಕ ಒರೆಸತೊಡಗಿದರು. ಒರೆಸಿದ್ದೇ ಒರೆಸಿದ್ದು.

ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಹೆಡ್‌ಫೋನಿನ ವೈರು ಕಿತ್ತು ಫ್ರಿಜ್ಜಿನ ರೆಕಾರ್ಡಿಂಗ್ ಹಾಕಿದೆ. ಅಕ್ಕತಂಗಿಯರ ಗಲಾಟೆ ಕೋಣೆ ತುಂಬಿತು. ಆ ಫೈಲಿನ ನನ್ನ ಮೊದಲ ಪ್ರತಿಯನ್ನು ತೆರೆದು, ಅವರು ಅಂದಂತೆಲ್ಲ ಸಾಲಿನ ಮೇಲೆ ಬೆರಳಾಡಿಸಿ ತೋರಿಸಿದೆ. ಆಮೇಲೆ ಮೇಡಂ ತಿದ್ದಿದ್ದನ್ನೂ ಪಕ್ಕದಲ್ಲೇ ತೆರೆದೆ.

"ಅವಳ ಒಳ್ಳೇದಕ್ಕೇ ತಿದ್ದಿದ್ದು ಸಾರ್" ಎಂದರು ಮೇಡಂ.

"ಅವಳ ಒಳ್ಳೇದು ಅವಳು ನೋಡ್ಕೋತಾಳೆ. ಉಳಿದವೂ ಹೀಗೇ ಇದಾವೇನಮ್ಮ?"

"ಇಲ್ಲ ಸಾರ್. ಇದೊಂದೇ ಇಟ್ಕೊಂಡಿದ್ದೆ. ಬಾಕಿದೆಲ್ಲ ಮೇಡಂ ತಿದ್ದಿದಾಗಲೇ ಅಳಿಸಿ ಹೋಗಿದೆ."

"ಹಂಗಾದ್ರೆ ಇಬ್ಬರೂ ಕೂತು ಹತ್ತನ್ನೂ ಮತ್ತೆ ಮಾಡಿ. ನಾಲ್ಕು ದಿನ. ಈ ಸಲ ಸರಿ ಹೋದ್ರೆ ನಿನ್ನ ಕೆಲಸ ಖಾಯಂ."

ಮೇಡಂ ನನ್ನ ಕುರ್ಚಿಯಲ್ಲಿ ಕುಳಿತು ಹತ್ತರಲ್ಲಿ ಮೊದಲನೇ ರೆಕಾರ್ಡಿಂಗ್ ಹಾಕಿದರು. "ಇವನು ಏನೂ ಹೇಳಲೇ ಇಲ್ವಲ್ಲೇ? ಬರೀ ಉಸಿರು ಬಿಟ್ಟ."

"ಅದನ್ನೇ ಬರೀಬೇಕು ಮೇಡಂ."

ಬರೆದರು. ಮುಂದಿನ ಮಾತು ಅರ್ಧಕ್ಕೆ ನಿಂತಿತು. ಅವರ ಬೆರಳು ನಿಲ್ಲಲಿಲ್ಲ. ಅವನು ಆಡದ ಉಳಿದರ್ಧವನ್ನೂ ಟೈಪ್ ಮಾಡಿ ಪೂರ್ಣವಿರಾಮ ಇಟ್ಟಿತು.

ನಾನು ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡೆ.

"ನೀವು ನಿಲ್ಲಿಸೋ ಬಟನ್ ಒತ್ತಿ ಮೇಡಂ. ಅಷ್ಟು ಸಾಕು."