ಒಳಗಡೆ ಅಂದರೆ ಯಾವ ಕಡೆ

ತೂಗುಗುಂಡು ನಿಂತಿತು ಅಂದುಕೊಂಡ, ನಿಂತಿರಲಿಲ್ಲ, ದಾರದ ತುದಿಯಲ್ಲಿ ಹಿತ್ತಾಳೆಯ ಗುಂಡು ಇನ್ನೂ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ — ಅತ್ತ ಅಂದರೆ ಅತ್ತಿಗೆಯ, ಹೆಂಡತಿಯ ಅಕ್ಕನ, ಮನೆ, ಇತ್ತ ಅಂದರೆ ತನ್ನ ಮನೆ, ಅಲ್ಲ, ಈಗ ತಾನು ನಿಂತಿರುವುದೇ ಅತ್ತಿಗೆಯ ಕಡೆ, ಹಾಗಾದರೆ ಇತ್ತ ಅನ್ನುವುದು ಅವಳದು, ಅತ್ತ ಅನ್ನುವುದು ತನ್ನದು, ಥತ್, ಬೆಳಗಿನಿಂದ ಇದೇ ಆಯಿತು. ಮೂವತ್ತು ವರ್ಷ ಊರವರ ಮನೆಗೆಲ್ಲ ಕಬ್ಬಿಣದ ಚೌಕಟ್ಟು ಕೂರಿಸಿದವನಿಗೆ ಒಳಗು ಯಾವುದು ಹೊರಗು ಯಾವುದು ಅಂತ ಒಂದು ದಿನವಾದರೂ ಯೋಚನೆ ಬಂದದ್ದಿಲ್ಲ, ಬೀದಿ ಹೊರಗೆ, ಕೋಣೆ ಒಳಗೆ, ಮುಗಿಯಿತು. ಇದಕ್ಕೋ ಎರಡೂ ಕಡೆ ಒಳಗೇ, ಇಲ್ಲವೇ ಎರಡೂ ಕಡೆ ಹೊರಗೇ, ಅಕ್ಕನ ಮನೆಗೂ ತಂಗಿಯ ಮನೆಗೂ ನಡುವಿನ ಗೋಡೆಯಲ್ಲಿ ಕೊರೆದ ಕಿಂಡಿಗೆ ಒಳಗು ಅನ್ನುವುದನ್ನು ಎಲ್ಲಿಂದ ತರುವುದು. ಚೌಕಟ್ಟಿನ ಒಂದು ಮೈಗೆ ಮಾತ್ರ ಬಾಗಿಲು ಬಂದು ಕೂರುವ ತೋಡು, ತೋಡು ಯಾವ ಕಡೆಗೋ ಬಾಗಿಲು ಆ ಕಡೆಗೇ ತೆರೆಯಬೇಕು, ತಪ್ಪಾಗಿ ನಿಲ್ಲಿಸಿ ಸಿಮೆಂಟು ತುಂಬಿದನೋ, ಗೋಡೆಯನ್ನು ಮತ್ತೆ ಒಡೆಯದೆ ಗತಿಯಿಲ್ಲ. ಎರಡು ಸಲ ತಿರುಗಿಸಿ ನಿಲ್ಲಿಸಿದ್ದಾಯಿತು, ಕೈಗೆಲ್ಲ ಚೌಕಟ್ಟಿನ ರೆಡ್ ಆಕ್ಸೈಡು ಬಣ್ಣ, ಹಣೆ ಒರೆಸಿಕೊಂಡದ್ದಕ್ಕೆ ಹಣೆಗೂ. ಕೇಳಿದ್ದ, ಕೇಳದೆ ಏನು, ಬೆಳಿಗ್ಗೆ ಹೆಂಡತಿಯನ್ನೇ ಮೊದಲು ಕೇಳಿದ್ದು, ಯಾವ ಕಡೆಗೆ ತೆರೀಬೇಕೇ ಇದು, ಅವಳು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ, ಬಾಗಿಲು ಬೇಕು ಅಂದೋರು ಯಾರು, ಅವರನ್ನೇ ಕೇಳಿ. ಬೀದಿ ಸುತ್ತಿ ಈ ಕಡೆ ಬಂದು ಅತ್ತಿಗೆಯನ್ನು ಕೇಳಿದರೆ, ನಿನ್ನ ಹೆಂಡ್ತಿಗೆ ಹೇಗೆ ಅನುಕೂಲವೋ ಹಾಗೆ ಮಾಡು ಮೇಸ್ತ್ರಿ. ಮದುವೆಯಾದ ದಿನದಿಂದ ಅತ್ತಿಗೆ ಅವನನ್ನು ಮೇಸ್ತ್ರಿ ಅಂತಲೇ ಕರೆದದ್ದು, ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ, ಗೋಡೆ ಎದ್ದ ಮೇಲೆ ಹನ್ನೊಂದು ವರ್ಷ ಕರೆದದ್ದೇ ಇಲ್ಲ.

ಗೋಡೆ ಎದ್ದದ್ದಾದರೂ ಯಾತಕ್ಕೆ, ಈಗ ಕೇಳಿದರೆ ನೆಟ್ಟಗೆ ಹೇಳಲು ಬಾರದು, ಅತ್ತೆ ತೀರಿಕೊಂಡ ಮೇಲೆ ಮನೆ ಎರಡು ಪಾಲಾಯಿತು, ನಲ್ಲಿ ಯಾರ ಪಾಲಿಗೆ ಅಂತ ಶುರುವಾದದ್ದು ನಲ್ಲಿ ಬಿಟ್ಟು ಉಳಿದದ್ದಕ್ಕೆಲ್ಲ ಹತ್ತಿಕೊಂಡಿತು, ಅಕ್ಕ ಏನೋ ಅಂದಳು, ತಂಗಿ ಅದಕ್ಕಿಂತ ಒಂದು ಕೈ ಹೆಚ್ಚಿಗೇ ಅಂದಳು, ಅವನು ಕೈ ಕೈ ಹಿಸುಕಿಕೊಂಡು ನಿಂತಿದ್ದ — ನಿಂತಿದ್ದ ಅನ್ನುವುದೂ ಸುಳ್ಳು, ಈ ಗೋಡೆಗೆ ಇಟ್ಟಿಗೆ ಎತ್ತಿಕೊಟ್ಟವನು ಯಾರು ಮತ್ತೆ. ಮೂರು ತಿಂಗಳ ಹಿಂದೆ ಅತ್ತಿಗೆ ಬಿದ್ದಳು. ಒಬ್ಬಳೇ ಇರುವವಳು, ಬೆಳಿಗ್ಗೆ ಬಚ್ಚಲಿನ ಮುಂದೆ ಜಾರಿ ಸೊಂಟ ಮುರಿದುಕೊಂಡು ಬಿದ್ದವಳು ಮಧ್ಯಾಹ್ನ ಪೋಸ್ಟಿನವನು ಕಿಟಕಿಯಲ್ಲಿ ಇಣುಕುವವರೆಗೂ ಬಿದ್ದೇ ಇದ್ದಳು, ಆಂಬ್ಯುಲೆನ್ಸ್ ಗಾಡಿ ಬಂದು ಬೀದಿಯಲ್ಲಿ ಕೂಗಿದ ಮೇಲೆಯೇ ಇವರಿಗೆ ಗೊತ್ತಾದದ್ದು. ಆಸ್ಪತ್ರೆಯಿಂದ ನಾಲ್ಕು ಕಾಲಿನ ವಾಕರ್ ಹಿಡಿದು ಬಂದವಳು ನೆಟ್ಟಗೆ ಇವರ ಗೇಟಿನ ಹತ್ತಿರ ನಿಂತು ಗೋಡೆಯಲ್ಲಿ ಒಂದು ಬಾಗಿಲು ಇಟ್ಟುಕೊಡು ಮೇಸ್ತ್ರಿ ಅಂದಳು. ಹೆಂಡತಿ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಮೂರನೆಯ ದಿನ ತಟ್ಟೆ ಇಡುವಾಗ ಇಡಿ ಅಂದಳು, ತಟ್ಟೆಯನ್ನೋ ಬಾಗಿಲನ್ನೋ ಅಂತ ಅವನಿಗೆ ತಕ್ಷಣ ಹೊಳೆಯಲಿಲ್ಲ. ಆದರೆ ಜಾಗ ಇದೇ ಯಾಕೆ, ಹಾಲ್‌ನಲ್ಲಿ ಅಗಲವಾದ ಗೋಡೆ ಇದೆ, ಅಲ್ಲಿ ಇಟ್ಟರೆ ಅಂದವಾಗಿರುತ್ತೆ ಅಂದರೆ ಅತ್ತಿಗೆಗೆ ಅದು ಬೇಡ, ಬಚ್ಚಲಿನ ಮುಂದೆಯೇ ಆಗಬೇಕು, ಈ ಇಕ್ಕಟ್ಟಿನಲ್ಲಿ, ಆ ಕಡೆ ಹೊಲಿಗೆ ಮೆಷಿನ್ನು ಅಡ್ಡ, ಈ ಕಡೆ ತಿರುಗಿದರೆ ಮೊಣಕೈ ಬಡಿಯುತ್ತೆ, ತಲೆಬುಡ ಅರ್ಥವಾಗದ ಹಟ. ಇರಲಿ, ಮೂಲೆಯಿಂದ ಮೂಲೆಗೆ ಅಳೆದ, ಆ ಮೂಲೆಯಿಂದ ಈ ಮೂಲೆಗೂ ಅಳೆದ, ಎರಡೂ ಒಂದೇ, ಚೌಕಟ್ಟು ಸರಿಯಾಗಿದೆ, ತಲೆಯೇ ಸೊಟ್ಟಗಾಗಿರುವುದು, ಬುಡಕ್ಕೆ ಮರದ ಬೆಣೆ ಬಡಿಯೋಣ ಅಂತ ಮಂಡಿಯೂರಿದ, ಆಗಲೇ ಕಂಡದ್ದು. ಕಿಂಡಿಯ ಪಕ್ಕಕ್ಕೆ ನಾಲ್ಕು ಬೆರಳು ದೂರ, ನೆಲದಿಂದ ಒಂದು ಗೇಣು ಮೇಲೆ, ಗಾರೆಯಲ್ಲಿ ಉಗುರಿನಂಥ ಗುರುತುಗಳು, ಬಳೆಯ ಚೂರಿನ ಹಾಗೆ ಬಾಗಿದವು, ಒಂದರ ಮೇಲೊಂದು, ಇಲಿಯೇ, ಇಲಿ ಹೀಗೆ ಕಚ್ಚುವುದಿಲ್ಲ, ಪೊರಕೆ ತಗುಲಿದ್ದೇ, ಅಲ್ಲ, ಬೆರಳಿಟ್ಟು ನೋಡಿದ, ದುಂಡಗಿನ ಅಂಚು, ಲೋಹದ ಅಂಚು, ಲೋಟದ್ದು, ಸ್ಟೀಲ್ ಲೋಟ ಹಿಡಿದು ಯಾರೋ ನೆಲದಲ್ಲಿ ಮಲಗಿಕೊಂಡು ಗೋಡೆಗೆ —

ಅತ್ತಿಗೆ ಬಿದ್ದ ಆ ದಿನ ಗುರುವಾರ, ಕರೆಂಟಿಲ್ಲದೆ ಅಂಗಡಿಯ ವೆಲ್ಡಿಂಗ್ ನಿಂತಿತ್ತು, ಅವನು ಮನೆಯಲ್ಲೇ ಇದ್ದ, ಕುರ್ಚಿ ಈ ಗೋಡೆಗೇ ಒರಗಿಸಿತ್ತು, ಟಕ್ ಟಕ್, ಟಕ್, ದಿನವಿಡೀ ಸುತ್ತಿಗೆಯ ಸದ್ದಿನಲ್ಲೇ ಬದುಕುವ ಕಿವಿ, ಏನೇ ಅದು ಅಂದ, ಅಂದ ಅಲ್ಲವೇ, ಅಂದದ್ದು ನೆನಪಿದೆ, ಹೆಂಡತಿ, ಗೋಡೆಗೆ ಮೊಳೆ ಹೊಡೀತಿರಬೇಕು ಅವಳು, ನಮಗೆ ಕೇಳಲಿ ಅಂತಾನೇ ಅಂದಳು, ಆಮೇಲೆ ತಾನು ಹೋಗಿ ನೋಡಿ ಬರ್ಲಾ ಅಂದನೋ, ಅನ್ನಬೇಕು ಅಂದುಕೊಂಡನೋ, ಅಂದಿದ್ದರೆ ಅವಳು ಏನಾದರೂ ಹೇಳಿರಬೇಕಲ್ಲ, ಹೇಳಿದ್ದು ನೆನಪಿಲ್ಲ, ಹಾಗಾದರೆ ಅಂದಿಲ್ಲ, ಅಥವಾ ಅಂದು ಅವಳು ಸುಮ್ಮನಿದ್ದಳು, ಸದ್ದು ಯಾವಾಗಲೋ ನಿಂತಿತು, ನಿಂತಾಗ ಸದ್ಯ ನಿಂತಿತಪ್ಪ ಅನ್ನಿಸಿತ್ತು, ಅದು ಮಾತ್ರ ಚೆನ್ನಾಗಿ ನೆನಪಿದೆ. ಬೆನ್ನ ಹಿಂದೆ ವಾಕರಿನ ರಬ್ಬರ್ ಕಾಲುಗಳು ನೆಲಕ್ಕೆ ಊರಿದವು, ಅತ್ತಿಗೆ, ಅದನ್ನೇ ನೋಡ್ತಾ ಕೂತರೆ ಕಲಸಿದ ಸಿಮೆಂಟು ಗಟ್ಟಿಯಾಗುತ್ತೆ ಮೇಸ್ತ್ರಿ ಅಂದಳು. ಅವನು ಅತ್ತಿಗೇ ಅಂದ, ಕೇಳಿಸ್ತು ಅನ್ನಬೇಕೋ, ಕೇಳಿಸಲಿಲ್ಲ ಅನ್ನಬೇಕೋ. ಅವಳು ಕಾಯಲಿಲ್ಲ, ನಿಮ್ಮ ಕಡೆಗೇ ತೆರೆಯೋ ಹಾಗೆ ನಿಲ್ಲಿಸು, ನಾನು ಇನ್ನೊಂದು ಸಲ ಬಿದ್ದರೆ ಇಲ್ಲೇ ಬೀಳೋದು, ಬಾಗಿಲಿಗೆ ಅಡ್ಡ ಬಿದ್ದಿರ್ತೀನಿ, ಈ ಕಡೆಗೆ ನೂಕೋ ಬಾಗಿಲಾದರೆ ನೀವು ಹೇಗೆ ತೆಗೀತೀರಿ. ಕಿಂಡಿಯ ಆಚೆ ಹೊಲಿಗೆ ಮೆಷಿನ್ನು ಓಡುತ್ತಿತ್ತು, ನಿಂತಿತು. ಗೋಡೆಯೇ ಇಲ್ಲ ಈಗ, ಎಲ್ಲ ಕೇಳಿಸುತ್ತೆ, ಹೆಂಡತಿಗೂ ಕೇಳಿಸಿದೆ. ಅವನು ಎದ್ದು ನಿಲ್ಲಲೂ ಹೆದರಿ ಮಂಡಿಯ ಮೇಲೇ ಇದ್ದ, ಬಾಗಿಲು ಆ ಕಡೆ ತೆರೆಯಬೇಕಾದರೆ ಮೆಷಿನ್ನು ಸರಿಯಬೇಕು, ಹೆಂಡತಿಯ ಆ ಮೆಷಿನ್ನನ್ನು ಯಾರು ಸರಿಸಿದ್ದಾರೆ, ಬಣ್ಣ ಬಳಿಯಲು ಬಂದವರೂ ಸುತ್ತ ಬಳಿದು ಹೋಗಿದ್ದಾರೆ. ಆಗ ಕರ್ರ್ ಅಂತ ಸದ್ದು, ಮೆಷಿನ್ನಿನ ಎರಕದ ಕಬ್ಬಿಣದ ಕಾಲುಗಳನ್ನು ನೆಲದ ಮೇಲೆ ಎಳೆದ ಸದ್ದು, ನಿಂತಿತು, ಮತ್ತೆ ಕರ್ರ್, ಇಷ್ಟು ಜಾಗ ಸಾಕಾ ಕೇಳಿ — ಹೆಂಡತಿಯ ದನಿ, ಅವನಿಗೆ ಅಂದದ್ದು, ಕೇಳಿ ಅಂದಮೇಲೆ ಅವನಿಗೇ. ಅವನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಅವನ ತಲೆಯ ಮೇಲಿಂದ, ಇನ್ನೊಂದು ಗೇಣು, ಅಂದಳು. ಹನ್ನೊಂದು ವರ್ಷಕ್ಕೆ ಅಕ್ಕತಂಗಿಯರ ನಡುವೆ ಇದು ಮೊದಲ ಮಾತೇ, ಇದನ್ನು ಮಾತು ಅನ್ನಬಹುದೇ, ಆಚೆ ಕಡೆ ಇನ್ನೊಂದು ಗೇಣು ಕರ್ರ್ ಅಂದಿತು.

ಮೂರನೆಯ ಸಲ ಚೌಕಟ್ಟು ತಿರುಗಿಸಿದ, ಬೆಣೆ ಬಡಿದ, ಟಕ್ ಅನ್ನದ ಹಾಗೆ ಬಡಿಯಲಾದೀತೇ, ಗುಂಡು ನಿಂತಿತು, ಈ ಸಲ ನಿಜಕ್ಕೂ, ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಕಿವಿಗಳ ಸುತ್ತ ಸಿಮೆಂಟು ತುಂಬಿದ, ಬುಟ್ಟಿಯಲ್ಲಿ ಒಂದು ಹಿಡಿ ಉಳಿಯಿತು, ಉಳಿದದ್ದರಲ್ಲಿ ಆ ಗುರುತುಗಳನ್ನೂ ಮೆತ್ತಿಬಿಡು ಮೇಸ್ತ್ರಿ ಅಂದಳು ಅತ್ತಿಗೆ ದನಿ ತಗ್ಗಿಸಿ, ನಿನ್ನ ಹೆಂಡ್ತಿ ನೋಡೋ ಮೊದಲು. ಆಗಲಿ ಅಂದ. ಕರಣೆಯ ತುದಿಗೆ ಸಿಮೆಂಟು ತೆಗೆದುಕೊಂಡು ಬಾಗಿದ, ಮೇಲಿನವು ಆಳವಾಗಿದ್ದವು, ಇಟ್ಟಿಗೆಯ ಕೆಂಪು ಕಾಣುವಷ್ಟು, ಆಗ ಅವಳ ಕೈಯಲ್ಲಿ ಬಲವಿತ್ತು, ಅದರ ಕೆಳಗಿನವು ಅಷ್ಟಿಲ್ಲ, ಅದರ ಕೆಳಗಿನವು ಸುಣ್ಣವನ್ನಷ್ಟೇ ಎಬ್ಬಿಸಿದ್ದವು, ಕೈ ಇಳಿಯುತ್ತ ಬಂದಿದೆ, ನೆಲದ ಹತ್ತಿರ ಹತ್ತಿರ, ಎಲ್ಲಕ್ಕಿಂತ ಕೆಳಗೆ ಒಂದು, ಗುರುತೂ ಅಲ್ಲ, ಒಂದು ಗೀರು, ಆಗ ತಾನು ಕುರ್ಚಿಯಲ್ಲಿ, ಕರಣೆಯ ಸಿಮೆಂಟು ಜಾರಿ ಕಾಲ ಮೇಲೆ ಬಿತ್ತು, ಮೇಲಿನವು ಆಳ, ಕೆಳಗಿನವು, ಅದರ ಕೆಳಗೆ, ಒಂದು ಗೀರು, ಬಾಗಿದ್ದು, ಬೆರಳಿಗೆ ಸಿಗದಷ್ಟು ತೆಳ್ಳಗೆ, ಒಂದು ಗೀರು —