ಕಿತೇರಿಯಾಬಾಯಿಯ ಸಹಿ

ಬಂದರಿನಿಂದ ಬಂದವನು ಮೊದಲು ಮೈಗೆ ಮೆತ್ತಿದ ಅದಿರಿನ ಕೆಂಧೂಳು ತೊಳೆದುಕೊಳ್ಳುವುದು ಥಾವರಪ್ಪನ ರೂಢಿ. ಅಂದು ತೊಳೆಯಲಿಲ್ಲ. ಹೊಸ್ತಿಲಲ್ಲೇ ಕುಳಿತು, ಎಲೆ ಅಡಿಕೆಯಿಂದ ಕೆಂಪಾದ ಬಾಯಿ ತುಂಬ ನಕ್ಕ.

"ಮಾತು ಮುಗೀತು. ಚಿಕಾಳಿ ಗುಡ್ಡದಾಗ ನೂರು ಚದರ ಮೀಟರ್ ಜಾಗಾ. ನಾಕು ಮಂದಿ ಮುಂದ ಅಡಿಕಿ ಹಂಚಿ ಬಂದೇವಿ."

ಚೀಲಕ್ಕೆ ಕನ್ನಡಿ ಹಚ್ಚುತ್ತಿದ್ದ ಹೆಂಡತಿ ಲಾಲಿಬಾಯಿಯ ಸೂಜಿ ನಿಂತಿತು. "ಖರೇನ?"

"ಖರೇ ಅಂದ್ರ ಖರೇ. ಮೋತಿಲಾಲ ಮಾಡಿಸಿದ. ಬರೂ ಬುಧವಾರ ರಜಿಸ್ಟರ್ ಕಚೇರಿ."

ಆಕೆ ಮುಖಕ್ಕೆ ಸೆರಗು ಒತ್ತಿಕೊಂಡಳು. ಗೋವಾದ ಮುರ್ಮುಗಾಂವ್ ಬಂದರಿನ ಮೇಲಿನ ಇಳಿಜಾರಿನಲ್ಲಿ ಆ ಗುಡಿಸಲು ಹಾಕಿಕೊಂಡು ಹನ್ನೊಂದು ವರ್ಷವಾಗಿತ್ತು. ಹೋಳಿ ಮುಗಿದ ಬೆನ್ನಿಗೇ ನೋಟೀಸು ಬಂದಿತ್ತು: ಮಳೆಗಾಲಕ್ಕೆ ಮುಂಚೆ ಸಾಲು ಪೂರ್ತಿ ಖಾಲಿಯಾಗಬೇಕು. ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ ಒಂದೊಂದು ಅಂಕಿ ಬರೆದು ಹೋಗಿದ್ದರು. ಅಷ್ಟರೊಳಗೆ ಜಾಗ ಸಿಗದಿದ್ದರೆ ವಿಜಾಪುರದ ಕಡೆಯ ತಾಂಡಾಕ್ಕೆ ಹಿಂತಿರುಗಬೇಕು, ಆರನೇ ಇಯತ್ತೆಯಲ್ಲಿರುವ ಮಗಳು ಗೌರಿಯ ಶಾಲೆ ಅಲ್ಲಿಗೆ ಮುಗಿಯುತ್ತದೆ. ಲಾಲಿಬಾಯಿ ಒಂದು ತಿಂಗಳಿಂದ ಅದೊಂದನ್ನೇ ನೆನೆದು ನೆನೆದು ಸೊರಗಿದ್ದಳು.

"ಜಾಗಾದ ಧಣಿ ಹೆಂತಾಂವ?"

"ಕಾಯ್ತಾನ ಅಂತ. ಭಾಳ ಚಲೋ ಮನಶ್ಯಾ. ಅಡಿಕಿ ತಿಂದ ರೂಢಿ ಇಲ್ಲ, ಒಂದು ಚೂರು ಬಾಯಿಗೆ ಹಾಕ್ಕೊಂಡು ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ತಗದ. ಆದ್ರೂ ಉಗುಳಲಿಲ್ಲ!"

ತಾಂಡಾದಲ್ಲಿ ಎತ್ತು ಮಾರಲಿ, ಹೊಲ ಮಾರಲಿ, ನಾಯಕನ ಮುಂದೆ ಗಂಡಸರು ಕುಳಿತು ಅಡಿಕೆ ಹಂಚಿಕೊಂಡು ಬಾಯಿಗೆ ಹಾಕಿದರೆ ವ್ಯವಹಾರ ಮುಗಿಯಿತು. ಹಿಂದೆ ಸರಿದವನಿಗೆ ದಂಡ. ಹೆಂಗಸರು ಆ ಕಟ್ಟೆಯ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಕಾಯ್ತಾನನ ಮನೆಯಲ್ಲಿ ಹೆಂಗಸರು ಯಾರಿದ್ದಾರೆ, ಏನೆನ್ನುತ್ತಾರೆ ಎಂದು ಥಾವರಪ್ಪನಿಗೂ ಹೊಳೆಯಲಿಲ್ಲ, ಲಾಲಿಬಾಯಿಗೂ ಹೊಳೆಯಲಿಲ್ಲ.

ಹೊಳೆದದ್ದು ಪಕ್ಕದ ಗುಡಿಸಲಿನ ಅಖ್ತರಬಾನುಗೆ. ಆಕೆ ವಾಸ್ಕೋದ ಒಬ್ಬ ವಕೀಲರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮರುದಿನ ಬೆಳಿಗ್ಗೆ ನಳದ ಸರದಿಯಲ್ಲಿ ಕೊಡ ಇಟ್ಟು ನಿಂತಾಗ ಲಾಲಿಬಾಯಿ ಸುದ್ದಿ ಹೇಳಿದಳು.

"ಆತ ಮಾತು ಕೊಟ್ಟ, ಖರೇ. ಅವನ ಹೇಣ್ತಿ ಏನಂದ್ಳು?" ಎಂದು ಬಾನು ಕೇಳಿದಳು.

"ಆಕಿ ಯಾಕ ಅನ್ಬೇಕು?"

"ಅಯ್ಯ ಲಾಲಕ್ಕ! ಇದು ಗೋವಾ. ಪೋರ್ಚುಗೀಸರ ಕಾಲದ ಕಾಯ್ದೆ ಇಲ್ಲಿ. ಗಂಡಂದು ಅರ್ಧ, ಹೇಣ್ತಿದು ಅರ್ಧ. ಆಕಿ ಸಹಿ ಮಾಡ್ಲಿಲ್ಲ ಅಂದ್ರ ಒಂದು ಕಲ್ಲೂ ಮಾರಾಕ ಬರೂದಿಲ್ಲ. ನಮ್ಮ ವಕೀಲರ ಮನ್ಯಾಗ ದಿನಾ ಇದ ಜಗಳಾ."

"ನೆಲದಾಗ ಅರ್ಧ? ಹೆಂಗಸಿಗೆ?"

"ನಾನೂ ಹಿಂಗ ಬಾಯಿ ತಗದಿದ್ದೆ," ಎಂದು ಬಾನು ಕೊಡ ಮುಂದೆ ಸರಿಸಿದಳು. "ಮುಚ್ಚು. ನೀರು ಬಂತು."

ಅಂದು ಬೋಗಮಾಳೊ ದಂಡೆಯಲ್ಲಿ ಲಾಲಿಬಾಯಿಯ ವ್ಯಾಪಾರ ಆಗಲಿಲ್ಲ. ಮರಳಿನ ಮೇಲೆ ಸರ, ಚೀಲ ಹರವಿ ಕುಳಿತವಳ ತಲೆಯಲ್ಲಿ ಆ ಅರ್ಧವೇ ಸುತ್ತುತ್ತಿತ್ತು. ಪೊಲೀಸಪ್ಪ ಬಂದು ಲೈಸನ್ಸ್ ಕೇಳಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕಾರ್ಡನ್ನು ಕುಪ್ಪಸದ ಜೇಬಿನಿಂದ ತೆಗೆದು ತೋರಿಸಿದಳು.

ಸಂಜೆ ಮೋತಿಲಾಲ ಚಹಾಕ್ಕೆ ಬಂದ. ಅವರ ತಾಂಡಾದವನೇ. ಮೊದಲು ದಂಡೆಯಲ್ಲಿ ಸರ ಮಾರುತ್ತಿದ್ದ. ಈಗ ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡು ಪ್ಲಾಟು ತೋರಿಸುತ್ತಿದ್ದ.

"ಮೋತಿಲಾಲ, ನಿನ್ನ ಲೈಸನ್ಸ್ ತೋರ್ಸು," ಎಂದಳು ಲಾಲಿಬಾಯಿ.

"ಎಂಥಾ ಲೈಸನ್ಸ್ ವೈನಿ?"

"ನಾನು ಒಂದು ಮಣಿಸರ ಮಾರಾಕ ಕಾರ್ಡ್ ತೋರಸ್ಬೇಕು. ನೀ ನೆಲಾನ ಮಾರಾಕತ್ತಿ. ನಿನ್ನ ಕಾರ್ಡ್ ದೊಡ್ಡದಿರಬೇಕಲ್ಲ?"

ಮೋತಿಲಾಲ ನಕ್ಕು ಬಸಿಗೆ ಚಹಾ ಸುರಿದುಕೊಂಡ. "ದಲಾಲಿಗೆ ಯಾರೂ ಲೈಸನ್ಸ್ ಕೇಳೂದಿಲ್ಲ ವೈನಿ. ಈ ಬಾಯೇ ಲೈಸನ್ಸ್."

"ಹಂಗಾರ ಬಾಯಿ ಬಿಟ್ಟು ಹೇಳು. ಕಾಯ್ತಾನನ ಹೇಣ್ತಿ ಒಪ್ಪ್ಯಾಳೇನು?"

ಬಸಿ ತುಟಿಯ ಹತ್ತಿರವೇ ನಿಂತಿತು. "ಕಿತೇರಿಯಾಬಾಯಿನ? ಆಕಿ ಮೆತ್ತಗಿನ ಮನಶ್ಯಾಳು. ಬುಧವಾರ ಕರಕೊಂಡು ಬಂದು ಸಹಿ ಮಾಡಸ್ತೀನಿ ಅಂದಾನ. ಗಂಡ ಹೇಳಿದಲ್ಲಿ ಮಾಡ್ತಾಳ."

"ಆಕಿಗೆ ಗೊತ್ತೈತಿ?"

"ಗೊತ್ತಾಗ್ತೈತಿ... ಬುಧವಾರ."

"ಸುಮ್ನಿರ ನೀ," ಎಂದು ಥಾವರಪ್ಪ ಗದರಿದ. "ಗಂಡಸರು ಅಡಿಕಿ ತಿಂದಾಗೇತಿ."

ಲಾಲಿಬಾಯಿ ರೊಟ್ಟಿ ಬಡಿದಳು, ಗೌರಿಯ ತಲೆ ಬಾಚಿದಳು. ಬುಧವಾರ ಆಕೆ ಸಹಿ ಮಾಡದೆ ಹೋದರೆ ಮಳೆಗೆ ಒಂದೂವರೆ ತಿಂಗಳು ಉಳಿಯುತ್ತದೆ, ಬೇರೆ ಜಾಗ ಹುಡುಕುವುದು ಯಾವಾಗ? ಈಗಲೇ ಹೋಗಿ ಕೇಳಿದರೆ ಆಕೆ ಈಗಲೇ ಇಲ್ಲ ಅನ್ನಬಹುದು. ಹಾಗೂ ಹೆದರಿಕೆ, ಹೀಗೂ ಹೆದರಿಕೆ. ಆದರೆ ಯಾರದೋ ಅರ್ಧವನ್ನು ಆಕೆಗೆ ಹೇಳದೆ ಕೊಳ್ಳುವುದು, ಅದರ ಮೇಲೆ ಒಲೆ ಹೂಡಿ ಮಗಳಿಗೆ ಉಣ್ಣಿಸುವುದು ಮನಸ್ಸಿಗೆ ಒಗ್ಗಲಿಲ್ಲ. ಬೆಳಗಾದ ಮೇಲೆ ಗಂಡ ಕೆಲಸಕ್ಕೆ ಇಳಿದದ್ದೇ ತಡ, ಚಿಕಾಳಿಯ ಬಸ್ಸು ಹತ್ತಿದಳು.

ಕಿತೇರಿಯಾಬಾಯಿ ಗುಡ್ಡದಲ್ಲೇ ಸಿಕ್ಕಳು. ಅರವತ್ತರ ಹೆಂಗಸು, ಮೊಣಕಾಲಿನವರೆಗಿನ ಹೂವಿನ ಫ್ರಾಕು, ತಲೆಗೆ ಟವೆಲ್ಲು. ಗೇರುಮರಗಳ ಕೆಳಗೆ ಬಿದ್ದ ಹಣ್ಣು ಆರಿಸಿ, ಬೀಜ ತಿರುಚಿ ಬೇರೆ ಮಾಡುತ್ತಿದ್ದಳು. ಲಾಲಿಬಾಯಿ ಎದುರಿಗೆ ಕುಳಿತು ತಾನೂ ನಾಲ್ಕು ಹಣ್ಣು ತಿರುಚಿದಳು. ಮಾತು ಕೊಂಕಣಿಯಲ್ಲೇ ನಡೆಯಿತು. ಲಾಲಿಬಾಯಿಯದು ದಂಡೆಯಲ್ಲಿ ಸರ ಮಾರುತ್ತ ಕಲಿತ ಕೊಂಕಣಿ.

"ಬಾಯಿ, ಈ ಜಾಗಾ ನಾವು ತಗೋಳಾಕತ್ತೇವಿ. ನಿಮಗ ಗೊತ್ತೇನ್ರಿ?"

ಕಿತೇರಿಯಾಳ ಕೈ ನಿಂತಿತು. "ಯಾವ ಜಾಗ?"

"ಇದ ರಿ. ಈ ಮರಗಳ ಕೆಳಗಿಂದು."

ಆ ಹೆಂಗಸು ಮೆತ್ತಗಿರಲಿಲ್ಲ. ಎದ್ದು ನಿಂತು, ಮನೆಯ ಕಡೆ ತಿರುಗಿ, ಇಡೀ ಗುಡ್ಡಕ್ಕೆ ಕೇಳುವಂತೆ ಗಂಡನ ಹೆಸರು ಹಿಡಿದು ಬೈದಳು. "ಕುಡುಕ! ನನ್ನ ತಾಯಿ ನೆಟ್ಟ ಮರಗಳು. ವರ್ಷದ ಗೇರುಬೀಜದಿಂದಲೇ ನನ್ನ ಮನೆ ನಡೆಯೋದು. ಬುಧವಾರ ವಾಸ್ಕೋಕ್ಕೆ ಹೋಗೋಣ, ಹೊಸ ಚಪ್ಪಲಿ ಕೊಡಿಸ್ತೀನಿ ಅಂದ. ನಾನು ನಲವತ್ತು ವರ್ಷಕ್ಕೆ ಈಗಾದರೂ ಬುದ್ಧಿ ಬಂತಲ್ಲ ಅಂದುಕೊಂಡೆ!"

ಲಾಲಿಬಾಯಿಗೆ ಅಳು ಬಂತು, ನಗುವೂ ಬಂತು. ಎದ್ದು ಸೆರಗು ಕೊಡವಿಕೊಂಡಳು. "ಬರ್ತೀನ್ರಿ ಬಾಯಿ. ಮರ ನಿಮ್ಮವು."

"ನಿಲ್ಲು ಗೋ. ಎಲ್ಲಿಗೆ ಹೋಗ್ತೀಯಾ? ನೀನು ಯಾಕೆ ಬಂದೆ ಹೇಳು. ಸುಮ್ಮನಿದ್ದಿದ್ದರೆ ಬುಧವಾರ ಆ ಗಡಿಬಿಡಿಯಲ್ಲಿ ನಾನು ಎಲ್ಲಿ ಬೇಕಾದರೂ ಸಹಿ ಮಾಡ್ತಿದ್ದೆನೋ ಏನೋ."

"ಕೇಳದ ಹೆಂಗ ತಗೋಳೂದ್ರಿ? ನಿಮ್ಮದೂ ಅರ್ಧ ಐತೆಂತ."

ಕಿತೇರಿಯಾ ಮಕ್ಕಳೆಷ್ಟು, ಈಗಿರುವುದು ಎಲ್ಲಿ, ಬಿಡಬೇಕಾದ್ದು ಯಾವಾಗ ಎಂದೆಲ್ಲ ಕೇಳಿದಳು. ಆಮೇಲೆ ಕೋಲು ಹಿಡಿದು ಮುಂದೆ ನಡೆದಳು. ಗುಡ್ಡದ ಕೆಳಗೆ, ರಸ್ತೆಯ ಅಂಚಿನಲ್ಲಿ, ಒಂದು ಬೋಳು ತುಂಡು. ಬರೀ ಕೆಂಪು ಚಿರೆಕಲ್ಲು, ಒಂದು ಪೊದೆಯೂ ಇಲ್ಲ. ಮೇಲಿನದಕ್ಕಿಂತ ಸ್ವಲ್ಪ ಚಿಕ್ಕದು.

"ಇದಾದರೆ ಕೊಡ್ತೀನಿ. ದರ ಕಡಿಮೆ ಮಾಡೋಣ. ಆದರೆ ಕಾಗದದಲ್ಲಿ ಯಾರ ಹೆಸರು ಬರುತ್ತೆ?"

"ಅವರದ ರಿ. ಗೌರಿ ಅಪ್ಪಂದು."

"ನಿನ್ನದು?"

ತಾಂಡಾದಲ್ಲಿ ಯಾವ ಹೆಂಗಸಿನ ಹೆಸರೂ ನೆಲದ ಕಾಗದದಲ್ಲಿ ಇದ್ದುದನ್ನು ಲಾಲಿಬಾಯಿ ಕೇಳಿರಲಿಲ್ಲ.

"ನಿನ್ನ ಹೆಸರೂ ಇದ್ದರೆ ನನ್ನ ಸಹಿ. ಇಲ್ಲದಿದ್ದರೆ ಇಲ್ಲ," ಎಂದಳು ಕಿತೇರಿಯಾ. "ನನ್ನ ಗಂಡನ ಥರ ನಿನ್ನ ಗಂಡನೂ ನಿನಗೆ ಚಪ್ಪಲಿ ಕೊಡಿಸೋಕೆ ಹೊರಟರೆ?"

ಸಂಜೆ ಲಾಲಿಬಾಯಿ ಎಲ್ಲವನ್ನೂ ಗಂಡನ ಮುಂದೆ ಇಟ್ಟಳು. ಥಾವರಪ್ಪ ತಟ್ಟೆ ದೂಡಿದ.

"ನಾಕು ಮಂದಿ ಮುಂದ ಮಾತಾಗೇತಿ. ನೀ ಹೋಗಿ ಕೆಡಿಸಿ ಬಂದಿ. ನಾ ಅವರ ಮುಂದ ಯಾವ ಮುಖಾ ತೋರಸ್ಲಿ?"

"ಕೆಡಿಸಿಲ್ಲ. ಆ ಮಾತು ಅರ್ಧ ಆಗಿತ್ತು. ಉಳಿದ ಅರ್ಧ ನಾ ಕೇಳಿ ಬಂದೆ."

"ಮ್ಯಾಲ ನಿನ್ನ ಹೆಸರು ಬ್ಯಾರೆ! ಮಂದಿ ನಗ್ತಾರ."

"ಬಂದರಿನಾಗ ದುಡಿದದ್ದು ನೀವು, ಉಸುಕಿನ್ಯಾಗ ಕುಂತದ್ದು ನಾನು. ಮಂದಿ ಬಂದು ಒಂದು ಸರ ತಗೊಂಡಾರೇನು?" ಆಕೆಯ ದನಿ ಏರಿರಲಿಲ್ಲ. ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದಳು. "ಬ್ಯಾಡಂದ್ರ ಬ್ಯಾಡ. ನಾಳಿ ಒಮ್ಮೆ ಹೋಗಿ ಆ ಜಾಗಾ ನೋಡಿ ಬರ್ರಿ. ಆಮ್ಯಾಲ ಬೈರಿ."

ಮರುದಿನ ಅವನು ಬಂದರಿಗೆ ಹೋಗಲಿಲ್ಲ. ಮಧ್ಯಾಹ್ನ ತಿರುಗಿ ಬಂದಾಗ ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಹಾರೆಯಿಂದ ನಾಲ್ಕು ಕಡೆ ಕುಟ್ಟಿ ನೋಡಿದ್ದನಂತೆ. ಕಲ್ಲಿನ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹುಚ್ಚಿ ಆ ಬಾಯಿ," ಎಂದ. "ಮ್ಯಾಲಿನ ಜಾಗಾ ಬರೀ ಮಣ್ಣು. ಅಲ್ಲಿ ಆಳೆತ್ತರ ಬುನಾದಿ ಅಗೀಬೇಕಾಗಿತ್ತು. ಇದು ಇಡೀ ಒಂದ ಕಲ್ಲು. ನೇರ ಗ್ವಾಡಿ ಎತ್ತಬಹುದು. ಮಳಿ ಬರೂದ್ರಾಗ ತಗಡಾನೂ ಹಾಕಬಹುದು!" ಸ್ವಲ್ಪ ಹೊತ್ತು ಉಗುರು ಕೆರೆದುಕೊಂಡ. "ಹೆಸರು... ಎರಡೂ ಬರೀಲಿ ಬಿಡು. ಇಬ್ಬರ ಹೆಸರು ಬರದ್ರ ಕಲ್ಲೇನು ಮೆತ್ತಗಾಗೂದಿಲ್ಲ."

ಬುಧವಾರ ಕಚೇರಿಯಲ್ಲಿ ಕಾಯ್ತಾನ ಯಾರ ಮುಖವನ್ನೂ ನೋಡದೆ ಸಹಿ ಗೀಚಿ ಹೊರಗೆ ಹೋಗಿ ನಿಂತ. ಕಿತೇರಿಯಾಬಾಯಿ ಕನ್ನಡಕ ಏರಿಸಿ, ಕಾಗದ ಬರೆದ ವಕೀಲರಿಂದ ಅದನ್ನು ಮೊದಲಿಂದ ಕೊನೆಯವರೆಗೆ ಓದಿಸಿಕೊಂಡಳು. ಗುಮಾಸ್ತ ಎರಡು ಸಲ ಗಡಿಯಾರ ನೋಡಿದ. ಲಾಲಿಬಾಯಿಯ ಹೆಸರು ಬಂದ ಸಾಲನ್ನು ಇನ್ನೊಮ್ಮೆ ಓದಿಸಿ, ಆಮೇಲೆ ತನ್ನ ಉದ್ದದ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಮೋತಿಲಾಲ ಚೀಲ ತಬ್ಬಿಕೊಂಡು ಮೂಲೆಯಲ್ಲಿ ನಿಂತಿದ್ದ.

"ಮುಂದಿನ ಗಿರಾಕಿ ಬಂದ್ರ ಮೊದಲ ಮನಿ ಹೆಂಗಸರ್ನ ಕೇಳ್ತೀನಿ ವೈನಿ," ಎಂದ.

"ಕೇಳಪಾ. ನಿನಗ ಚಪ್ಪಲಿ ಸವೆಯೂದು ಕಡಿಮಿ ಆಗ್ತೈತಿ."

ಅಲ್ಲಿಂದ ಸೀದಾ ಗಂಡ ಹೆಂಡತಿ ಇಬ್ಬರೂ ಚಿಕಾಳಿಗೆ ಹೋದರು. ಥಾವರಪ್ಪ ಹಗ್ಗ ಹಿಡಿದು ಮೂಲೆಯಿಂದ ಮೂಲೆಗೆ ಅಳೆದ, ಗೂಟದ ಬದಲು ಕಲ್ಲು ಇಟ್ಟ. ಆಮೇಲೆ ರಸ್ತೆಯ ಕಡೆ ನಿಂತು, ಏನೋ ಕೇಳಲು ಬಾರದವನಂತೆ ಒಂದು ಸಲ ಕೆಮ್ಮಿದ.

"ಬಾಗಲಾ ಯಾವ ಕಡೆ ಇಡೂದು?"

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮೂರು ಗುಡಿಸಲು ಕಟ್ಟಿದ್ದ. ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಲಾಲಿಬಾಯಿ ಸೆರಗಿನ ತುದಿ ಎತ್ತಿ ಹಿಡಿದು ಗಾಳಿ ಎತ್ತಣಿಂದ ಬರುತ್ತದೆ ಎಂದು ನೋಡಿದಳು. ಸಮುದ್ರದ ಕಡೆಯಿಂದ ಬರುತ್ತಿತ್ತು.

"ಸಮುದ್ರದ ಕಡೆ ಬ್ಯಾಡ, ಮಳಿ ಒಳಗ ಹೊಡಿತೈತಿ. ಗುಡ್ಡದ ಕಡೆ ಇಡ್ರಿ."

"ರಸ್ತಾ ಹಿಂದ ಬೀಳ್ತೈತಲ್ಲ?"

"ಬೀಳ್ಲಿ. ರಸ್ತಾಕ್ಕ ಒಂದು ಕಿಡಕಿ ಸಾಕು, ಗೌರಿ ಸಾಲಿಯಿಂದ ಬರೂದು ಕಾಣಾಕ."

ಥಾವರಪ್ಪ ಒಂದು ಕಲ್ಲನ್ನು ಎತ್ತಿ ಗುಡ್ಡದ ಕಡೆ ಇಟ್ಟ. ದೂರ ನಿಂತು ನೋಡಿ, ಮತ್ತೆ ಬಂದು ಅದನ್ನು ಎರಡು ಬೆರಳು ಬಲಕ್ಕೆ ಸರಿಸಿದ.