ರಾಯಿಸಾ ಟೀಚರ ಧರ್ಮೋಪದೇಶ

ಸೋವಿಯತ್ ನಾಡಿನ ಕರಗಂಡದ ಆ ಗಣಿ ಬಡಾವಣೆಯಲ್ಲಿ ಜರ್ಮನ್ ಮೂಲದ ಒಟ್ಟೀಲಿಯಾಳಿಂದ ಜಪ ಕಲಿಯದ ಕಥೋಲಿಕ ಮನೆಯೇ ಇರಲಿಲ್ಲ. ಮಕ್ಕಳಿಗೆ ದೇವರ ಪಾಠ ಹೇಳುವುದೇ ಅಪರಾಧವಾಗಿದ್ದ, ಇಗರ್ಜಿಯಿಲ್ಲದ, ಪಾದ್ರಿಯಿಲ್ಲದ ಮೂವತ್ತು ವರ್ಷ ಆಕೆ ಕಿಟಕಿಗೆ ಕಂಬಳಿ ಕಟ್ಟಿಕೊಂಡು, ಪುಸ್ತಕದ ಹಂಗಿಲ್ಲದೆ, ಬಾಯಿಪಾಠದಿಂದಲೇ ಊರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟಿದ್ದಳು. ಹಿಟ್ಟು ನಾದುತ್ತ ಹತ್ತು ಕಟ್ಟಳೆ, ಆಲೂಗಡ್ಡೆ ಸುಲಿಯುತ್ತ ಏಳು ಸಂಸ್ಕಾರ.

ಸೋವಿಯತ್ ಸರ್ಕಾರ ಬಿದ್ದ ಎರಡನೇ ವರ್ಷ ಪೋಲೆಂಡಿನಿಂದ ಫಾದರ್ ತಡೇವುಷ್ ಬಂದರು. ಎಳೆಯ ಪ್ರಾಯ, ತುಂಬಿದ ಉತ್ಸಾಹ. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹೇಳಿದರು: "ಇನ್ಮೇಲೆ ಮಕ್ಕಳಿಗೆ ರಾಯಿಸಾ ಪಾವ್ಲೋವ್ನಾ ಧರ್ಮೋಪದೇಶ ಕಲಿಸ್ತಾರೆ. ಶಾಲೇಲಿ ಮೂವತ್ತು ವರ್ಷ ಪಾಠ ಮಾಡಿದೋರು."

ಒಟ್ಟೀಲಿಯಾಳ ಕೈಯ ಜಪಸರ ನಿಂತುಹೋಯಿತು.

ಅವಳ ಮಗಳು ಫ್ರೀಡಾಗೆ ಒಂಬತ್ತು ವರ್ಷವಿದ್ದಾಗ ಇದೇ ರಾಯಿಸಾ ಅವಳ ಟೀಚರು. "ಮನೇಲಿ ಯಾರು ಪುಟ್ಟಾ ನಿಂಗೆ ಪ್ರಾರ್ಥನೆ ಹೇಳಿಕೊಡೋದು?" ಎಂದು ಮುದ್ದಾಗಿ ಕೇಳಿದ್ದಳು. ಮಗು ಹಿಗ್ಗಿ ಅಮ್ಮನ ಹೆಸರು ಹೇಳಿ, ಶಿಲುಬೆಯ ಗುರುತನ್ನೂ ಹಾಕಿ ತೋರಿಸಿತ್ತು. ರಾಯಿಸಾ ಅದನ್ನು ಬರೆದು ಮೇಲಿನ ಅಧಿಕಾರಿಗಳಿಗೆ ಕಳಿಸಿದಳು. ನ್ಯಾಯಾಲಯದಲ್ಲಿ ಒಟ್ಟೀಲಿಯಾಳ ಮುಂದೆ ಕಾಗದ ಇಟ್ಟರು: ಮಗುವಿನ ಹತ್ತಿರ ದೇವರ ಮಾತೆತ್ತುವುದಿಲ್ಲ ಎಂದು ಸಹಿ ಹಾಕಿದರೆ ಮಗಳನ್ನು ಮನೆಗೆ ಕರೆದುಕೊಂಡು ಹೋಗಬಹುದು. ಅವಳು ಹಾಕಲಿಲ್ಲ. ಫ್ರೀಡಾ ಒಂಬತ್ತು ವರ್ಷ ಸರ್ಕಾರಿ ವಸತಿಶಾಲೆಯಲ್ಲಿ ಬೆಳೆದಳು.

ಮಾರನೆಯ ದಿನ ಒಟ್ಟೀಲಿಯಾ ಇದೆಲ್ಲವನ್ನೂ ಫಾದರ್ ಮುಂದೆ ಹೇಳಿದಳು. ಅವರ ಮುಖ ಬಾಡಿತು.

"ಅವರು ಪಾಪನಿವೇದನೆ ಮಾಡಿದಾರೆ ಅಜ್ಜಿ. ದೇವರು ಕ್ಷಮಿಸಿದ ಮೇಲೆ ನಾವೇನು ಹೇಳೋದು?"

"ದೇವರ ಮಗೂನ ಅವಳು ಹಿಡಿದುಕೊಟ್ಟಿದ್ದಲ್ಲ ಸ್ವಾಮಿ, ನನ್ನ ಮಗೂನ. ಕ್ಷಮೆ ಕೇಳೋಕೆ ಅವಳು ನನ್ನ ಹತ್ರ ಇನ್ನೂ ಬಂದಿಲ್ಲ."

ಫಾದರ್ ನೆಲ ನೋಡಿದರು. "ನಿಮಗೆ ಜರ್ಮನ್‌ನಲ್ಲಿ ಮಾತ್ರ ಜಪ ಬರೋದು. ಈಗಿನ ಮಕ್ಕಳಿಗೆ ರಷ್ಯನ್ ಬಿಟ್ರೆ ಬೇರೆ ತಿಳಿಯಲ್ಲ. ನಾನೇನ್ ಮಾಡ್ಲಿ, ಹೇಳಿ."

ಹೊರಗೆ ಬಾಗಿಲಲ್ಲಿ ರಾಯಿಸಾ ಎದುರಾದಳು.

"ಮಕ್ಕಳಿಗೆ ಮೊದಲ ಪಾಠ ಹೇಳೋ ಮುಂಚೆ ನೀನು ಮಾಡಿದ್ದನ್ನ ಹೇಳು ರಾಯಿಸಾ. ಅಷ್ಟು ಸಾಕು ನಂಗೆ."

"ಮಕ್ಕಳ ಮುಂದೇನಾ? ಆಮೇಲೆ ನನ್ನ ಮಾತು ಯಾರು ಕೇಳ್ತಾರೆ ಒಟ್ಟೀಲಿಯಾ?" ರಾಯಿಸಾ ತಲೆವಸ್ತ್ರ ಸರಿಮಾಡಿಕೊಂಡು ಒಳಗೆ ಹೋದಳು.

ಮೊಮ್ಮಗಳು ಕ್ರಿಸ್ಟೀನಾಳ ವಿಷಯಕ್ಕೆ ಒಟ್ಟೀಲಿಯಾ ನೇರ ಮಗಳ ಮನೆಗೆ ನಡೆದಳು. "ಕ್ರಿಸ್ಟೀನಾನ ಆ ಹೆಂಗಸಿನ ಪಾಠಕ್ಕೆ ಕಳಿಸಬೇಡ. ನಾನು ಕಲಿಸ್ತೀನಿ."

ಫ್ರೀಡಾ ಚಹಾ ಬಗ್ಗಿಸುತ್ತಲೇ ಇದ್ದಳು. "ಯಾಕೆ? ವಸತಿಶಾಲೆಗೆ ಪ್ರತಿ ಹೊಸವರ್ಷಕ್ಕೆ ನನ್ನ ನೋಡೋಕೆ ಬರ್ತಿದ್ದೋರು ಅವರೊಬ್ರೇ. ಮಿಠಾಯಿ ತರ್ತಿದ್ರು. ಅಳ್ತಿದ್ರು."

"ನನ್ನ ಒಳಗೆ ಬಿಡ್ತಿರಲಿಲ್ಲ ಕಣೇ! ಗೇಟಲ್ಲೇ ನಿಂತು..."

"ಗೊತ್ತಮ್ಮ. ನಂಗೆಲ್ಲಾ ಗೊತ್ತು. ಒಂದು ಸಹಿ ಕೇಳಿದ್ರಂತೆ, ಅದೂ ಗೊತ್ತು. ಸಹಿ ಹಾಕಿ ಮನೇಲಿ ಗುಟ್ಟಾಗಿ ಕಲಿಸಬಹುದಿತ್ತಲ್ಲ? ನೀನು ದೇವರನ್ನ ಉಳಿಸಿಕೊಂಡೆ. ನಂಗೆ ಸಿಕ್ಕಿದ್ದು ಕಬ್ಬಿಣದ ಮಂಚ."

ಊರ ಮಕ್ಕಳ ಎಲ್ಲ ಪ್ರಶ್ನೆಗೂ ಉತ್ತರ ಬಾಯಿಪಾಠವಿದ್ದ ಹೆಂಗಸು ಚಹಾ ಆರುವವರೆಗೂ ಕೂತಿದ್ದು ಎದ್ದುಹೋದಳು.

ಜೂನ್‌ನಲ್ಲಿ ಮಕ್ಕಳು ಬಲಿಪೂಜೆಯ ಪವಿತ್ರ ರೊಟ್ಟಿ ಪಡೆಯುವ ದಿನ, ಮೊದಲ ಪರಮಪ್ರಸಾದ. ಬಿಳಿ ಲಂಗ ತೊಟ್ಟ ಕ್ರಿಸ್ಟೀನಾ ವಿಶ್ವಾಸ ಪ್ರಮಾಣವನ್ನು ರಷ್ಯನ್ನಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಒಟ್ಟೀಲಿಯಾ ಕಿವಿಗೊಟ್ಟು ತಪ್ಪು ಹುಡುಕಿದಳು, ಒಂದೂ ಸಿಗಲಿಲ್ಲ. ಫ್ರೀಡಾ ಎದ್ದುಹೋಗಿ ರಾಯಿಸಾಳ ಕೈಗೆ ಹೂಗುಚ್ಛ ಕೊಟ್ಟಳು. ಜನ ಚಪ್ಪಾಳೆ ತಟ್ಟಿದರು. ಪರಮಪ್ರಸಾದದ ಸಾಲಿನಲ್ಲಿ ಒಟ್ಟೀಲಿಯಾಳ ಮುಂದೆಯೇ ರಾಯಿಸಾ ನಿಂತಿದ್ದಳು. ಎರಡು ಹೆಜ್ಜೆ ಸರಿದು, ಒಟ್ಟೀಲಿಯಾ ಸಾಲು ಬಿಟ್ಟು ಬೆಂಚಿಗೆ ಮರಳಿದಳು. ಮನಸ್ಸಿನಲ್ಲಿ ಅಷ್ಟು ವಿಷವಿಟ್ಟುಕೊಂಡು ಪ್ರಸಾದ ತಗೋಬಾರದು ಎಂದು ಮೂವತ್ತು ವರ್ಷ ಅವಳೇ ಕಲಿಸಿದ್ದಳು.